ಕಲ್ಲು ಬದಲಾದಂತೆ ಆವರೇಜ್: ಯಾದಗಿರಿಯಿಂದ ಬೀದರ್‌ಗೆ ಎರಡು ಬೈಕುಗಳಲ್ಲಿ

ಯಾದಗಿರಿಯಿಂದ ಬೀದರ್‌ಗೆ ನೇರವಾಗಿ ಹೋದರೆ ಒಂದೇ ದಿನದ ದಾರಿ. ನಾವು ಬೇಕಂತಲೇ ಸುತ್ತು ಹೊಡೆದೆವು. ನನ್ನದು ಹೀರೋ ಸ್ಪ್ಲೆಂಡರ್ ಪ್ಲಸ್. 97.2 ಸಿಸಿ, ತೂಕ 112 ಕೆ.ಜಿ. ಗೆಳೆಯನದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. 349 ಸಿಸಿ, 195 ಕೆ.ಜಿ. ಅವನ ಗಾಡಿ ಬರೀ ಪೆಟ್ರೋಲ್ ಕುಡಿಯುತ್ತದೆ ಅಂತ ನಾನು. ನನ್ನ ಗಾಡಿಯಲ್ಲಿ ನೂರು ಕಿಲೋಮೀಟರ್ ಕೂತರೆ ಸೊಂಟ ಹೋಗುತ್ತದೆ ಅಂತ ಅವನು. ವರ್ಷಗಳಿಂದ ಚಹಾ ಅಂಗಡಿಯಲ್ಲಿ ಇದೇ ಜಗಳ. ಎಳ್ಳಮಾವಾಸ್ಯೆಗೆ ರಜೆ ಸಿಕ್ಕಿತು, ದಾರಿಯಲ್ಲೇ ಇತ್ಯರ್ಥ ಮಾಡೋಣ ಅಂತ ಹೊರಟೆವು.

ಕಟ್ಟಳೆ ಸರಳವಾಗಿತ್ತು. ದಿನಕ್ಕೊಮ್ಮೆಯಾದರೂ ಗಾಡಿ ಅದಲು ಬದಲು. ಹೆದ್ದಾರಿ ಬಿಟ್ಟು ಉಳಿದ ಕಡೆ ಇಬ್ಬರಿಗೂ ಒಂದೇ ವೇಗ. ಪೆಟ್ರೋಲ್ ಹಾಕಿಸುವಾಗ ಗಾಡಿ ನಡು ಸ್ಟ್ಯಾಂಡ್ ಮೇಲೆ ನೇರವಾಗಿ ನಿಂತಿರಬೇಕು, ಪ್ರತಿ ಸಲ ಟ್ಯಾಂಕಿನ ಒಳಗಿನ ಅದೇ ಅಂಚಿನವರೆಗೆ ತುಂಬಬೇಕು. ಪಕ್ಕದ ಸ್ಟ್ಯಾಂಡ್ ಮೇಲೆ ವಾಲಿಸಿ ತುಂಬಿಸಿದರೆ ಲೆಕ್ಕ ಸುಮ್ನೆ ತಪ್ಪುತ್ತದೆ. ಮೀಟರಿನಲ್ಲಿ ತೋರಿಸುವ ಆವರೇಜ್, ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವ ಅಂಕಿಯನ್ನು ನಾವು ಲೆಕ್ಕಕ್ಕೇ ತಗೊಳ್ಳಲಿಲ್ಲ.

ಮೊದಲ ದಿನ: ಯಾದಗಿರಿ, ಸುರಪುರ, ಶಹಾಪುರ

ಬೆಳಿಗ್ಗೆ ಸೂಸಲಾ, ಮಿರ್ಚಿ ಭಜಿ, ಚಹಾ. ಟೈರಿನ ಗಾಳಿ ನೋಡಿಸಿದ್ದು ಅದಕ್ಕೂ ಮೊದಲು, ಗಾಡಿ ಇನ್ನೂ ತಣ್ಣಗಿದ್ದಾಗ. ಓಡಿಸಿ ಬಿಸಿಯಾದ ಮೇಲೆ ನೋಡಿದರೆ ಗಾಳಿ ಜಾಸ್ತಿ ತೋರಿಸುತ್ತದೆ, ಕಮ್ಮಿ ಇದ್ದರೂ ಸರಿ ಇದೆ ಅನಿಸುತ್ತದೆ. ಮೆತ್ತಗಿನ ಟೈರು ಪೆಟ್ರೋಲನ್ನೂ ತಿನ್ನುತ್ತದೆ, ತಿರುವಿನಲ್ಲಿ ಗಾಡಿಯನ್ನೂ ಎಳೆಯುತ್ತದೆ.

ಯಾದಗಿರಿ ಕೋಟೆಯ ಗುಡ್ಡ ಬೆನ್ನಿಗೆ ಬಿತ್ತು. ಭೀಮಾ ಸೇತುವೆ ದಾಟಿದೆವು. ಎರಡೂ ಕಡೆ ಹತ್ತಿ ಬಿಡಿಸುವವರು, ಅದಾದ ಮೇಲೆ ಹಸಿರು ಗದ್ದೆ. ನಾರಾಯಣಪುರದ ಕೃಷ್ಣಾ ನೀರು ಕಾಲುವೆಯಲ್ಲಿ ಬಂದ ಮೇಲೆ ಶಹಾಪುರ, ಸುರಪುರ ಕಡೆ ಭತ್ತ ಬಂತು. ಬರದ ಜಿಲ್ಲೆ ಅಂತಲೇ ಯಾದಗಿರಿಯನ್ನು ಕೇಳಿದವರಿಗೆ ಈ ದಾರಿ ತೋರಿಸಬೇಕು.

ಇಲ್ಲಿನ ಗುಡ್ಡಗಳೆಲ್ಲ ಗ್ರಾನೈಟ್. ಬಂಡೆ ಮೇಲೆ ಬಂಡೆ. ಶಹಾಪುರದ ಹತ್ತಿರ ಬೆಟ್ಟದ ಸಾಲು ಮಲಗಿದ ಬುದ್ಧನ ಆಕಾರದಲ್ಲಿ ಕಾಣುತ್ತದೆ. ಹಣೆ, ಮೂಗು, ಗದ್ದ ಎಲ್ಲ ಸರಿಯಾಗಿ ಗೊತ್ತಾಗುತ್ತದೆ. ನೆಲ ಗಟ್ಟಿ ಇರುವ ಕಡೆ ಡಾಂಬರು ಕೂಡ ನೆಟ್ಟಗೆ ಕೂತಿರುತ್ತದೆ. 50ರ ವೇಗದಲ್ಲಿ ಸ್ಪ್ಲೆಂಡರ್ ನಾಲ್ಕನೇ ಗೇರಿನಲ್ಲಿ ಸದ್ದೇ ಇಲ್ಲದೆ ಹೋಗುತ್ತಿತ್ತು. ಕನ್ನಡಿಯಲ್ಲಿ ಕ್ಲಾಸಿಕ್ ಕಾಣುತ್ತಿತ್ತು, ಅದಕ್ಕೂ ಏನೂ ಆತುರ ಇರಲಿಲ್ಲ. ಈ ವೇಗದಲ್ಲಿ ನನ್ನ ಎಂಜಿನ್ನಿನ 8 ಪಿಎಸ್ ಶಕ್ತಿಗೂ ಅವನದರ 20 ಪಿಎಸ್‌ಗೂ ವ್ಯತ್ಯಾಸವೇ ತಿಳಿಯುವುದಿಲ್ಲ.

ತಿಳಿದದ್ದು ಸುರಪುರದಲ್ಲಿ. ಗುಡ್ಡಗಳ ನಡುವೆ ಕಟ್ಟಿದ ಊರು, ಓಣಿಗಳು ಏರಿ ಇಳಿಯುತ್ತವೆ. ಟೇಲರ್ ಮಂಜಿಲ್ ಕಡೆಗೆ ಹತ್ತುವಾಗ ನಾನು ಎರಡನೇ ಗೇರಿಗೆ ಇಳಿದು ಎಂಜಿನ್ನನ್ನು ಕೂಗಿಸಬೇಕಾಯಿತು. ಗೆಳೆಯ ಗೇರ್ ಮುಟ್ಟದೆ ಹತ್ತಿಕೊಂಡು ಹೋದ. ಅವನ ಗಾಡಿ 27 ಎನ್‌ಎಂ ಎಳೆತವನ್ನು ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗಲೇ ಕೊಡುತ್ತದೆ. ನನ್ನದು 8 ಚಿಲ್ಲರೆ ಎನ್‌ಎಂ, ಅದೂ 6,000ದಲ್ಲಿ. ಮೇಲೆ ಹೋದ ಮೇಲೆ ನೋಟ ಮಾತ್ರ ಇಬ್ಬರಿಗೂ ಒಂದೇ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಿಂದ ಹತ್ತು ಹನ್ನೆರಡು ವರ್ಷ ಈ ಸಂಸ್ಥಾನದ ಆಡಳಿತ ನೋಡಿಕೊಂಡವನು. ಅವನ ಕೈಯಲ್ಲಿ ಆಡಿ ಬೆಳೆದ ರಾಜಾ ವೆಂಕಟಪ್ಪ ನಾಯಕ ಮುಂದೆ ಬ್ರಿಟಿಷರ ವಿರುದ್ಧವೇ ಎದ್ದ. ಆ ಮನೆಯ ಕಟ್ಟೆ ಹತ್ತಿರ ನಿಂತು ಊರು ನೋಡುತ್ತಾ ನಾವು ಆ ಇಬ್ಬರ ಬಗ್ಗೆ ಜಾಸ್ತಿ ಹೊತ್ತು ಮಾತಾಡಿದೆವು, ಬೈಕಿನ ಬಗ್ಗೆ ಅಲ್ಲ.

ಕೆಳಗೆ ಚಹಾ ಅಂಗಡಿಯಲ್ಲಿ ರುಮಾಲು ಸುತ್ತಿದ ಒಬ್ಬ ಹಿರಿಯರು ಕ್ಲಾಸಿಕ್ಕನ್ನು ಒಂದು ಸುತ್ತು ಹಾಕಿ ನೋಡಿದರು. "ಬುಲೆಟ್ಟು ಎಷ್ಟ ಕೊಡ್ತದ್ರಿ ಆವರೇಜ?"

"ಮೂವತ್ತೈದು, ಮೂವತ್ತೆಂಟು."

ಅವರು ಸ್ಪ್ಲೆಂಡರಿನ ಸೀಟು ತಟ್ಟಿದರು. "ಇದು ಎರಡ ಪಟ್ಟು ಕೊಡ್ತದ. ಮತ್ತ ಇಬ್ಬರೂ ಒಂದೇ ಹೊತ್ತಿಗೆ ಬಂದೀರಲ್ಲ?"

ಗೆಳೆಯ ಏನೂ ಹೇಳದೆ ಇನ್ನೊಂದು ಚಹಾ ಹೇಳಿದ.

ಮಧ್ಯಾಹ್ನ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಹಸಿ ಉಳ್ಳಾಗಡ್ಡಿ. ಹೊಟ್ಟೆ ಭಾರವಾಗಿ ಶಹಾಪುರದ ಕಡೆ ವಾಪಸಾಗುವಾಗ ಫೋಟೋಗೆಂದು ಮಣ್ಣಿನ ದಾರಿಗೆ ಇಳಿದೆವು. ಬಳ್ಳಾರಿ ಜಾಲಿ ಇರುವ ಕಡೆ ಹೀಗೆ ಇಳಿದರೆ ಏನಾಗುತ್ತದೆ ಅಂತ ಈ ಭಾಗದ ಕುರಿ ಕಾಯುವ ಹುಡುಗರಿಗೂ ಗೊತ್ತು. ಕ್ಲಾಸಿಕ್ಕಿನ ಹಿಂದಿನ ಟೈರಿಗೆ ಬೆರಳುದ್ದದ ಮುಳ್ಳು. ಕಡ್ಡಿ ಚಕ್ರ, ಒಳಗೆ ಟ್ಯೂಬು. ಗಾಳಿ ಒಂದೇ ಉಸಿರಿಗೆ ಹೋಯಿತು. ಟ್ಯೂಬ್‌ಲೆಸ್ ಆಗಿದ್ದರೆ ಮುಳ್ಳು ಹಾಗೇ ಬಿಟ್ಟು ಮೆಲ್ಲಗೆ ಊರು ಮುಟ್ಟಬಹುದಿತ್ತು.

195 ಕೆ.ಜಿ. ಅಂದರೆ ಏನು ಅಂತ ಕಾಗದದಲ್ಲಿ ಓದುವುದು ಬೇರೆ, ಗಾಳಿ ಇಲ್ಲದ ಟೈರಿನ ಮೇಲೆ ಅದನ್ನು ತಳ್ಳುವುದು ಬೇರೆ. ಇಬ್ಬರೂ ಬೆವೆತು ಹೋದೆವು. ನಾನು ಸ್ಪ್ಲೆಂಡರ್ ತಗೊಂಡು ಹೋಗಿ ಪಂಕ್ಚರ್ ಅಂಗಡಿಯವನನ್ನು ಹಿಂದೆ ಕೂರಿಸಿಕೊಂಡು ಬಂದೆ. ಅವನ ತೊಡೆ ಮೇಲೆ ಸಾಮಾನಿನ ಡಬ್ಬಿ, ಕೊರಳಿಗೆ ಗಾಳಿ ಪಂಪು. ಚಕ್ರ ಬಿಚ್ಚಿ, ಟ್ಯೂಬು ತೇಪೆ ಹಾಕಿ, ಮತ್ತೆ ಕೂರಿಸುವ ಹೊತ್ತಿಗೆ ಹೊತ್ತು ಮುಳುಗಿತ್ತು. ಅವನು ಟೈರಿನ ಒಳಗೆಲ್ಲ ಬೆರಳಾಡಿಸಿ ಇನ್ನೊಂದು ಮುಳ್ಳಿನ ತುದಿಯನ್ನೂ ತೆಗೆದ. ಬಹಳ ಜನ ಈ ಕೆಲಸ ಬಿಡುತ್ತಾರೆ, ಮತ್ತೆ ಹತ್ತು ಕಿಲೋಮೀಟರಿಗೆ ಅದೇ ಜಾಗದಲ್ಲಿ ತೂತು. ಟ್ಯೂಬಿನ ಗಾಡಿಯಲ್ಲಿ ಈ ಕಡೆ ಬರುವವರು ಒಂದು ಹೊಸ ಟ್ಯೂಬನ್ನು ಚೀಲದ ತಳದಲ್ಲಿ ಇಟ್ಟುಕೊಂಡರೆ ಅರ್ಧ ಕೆಲಸ ಉಳಿಯುತ್ತದೆ.

ಶಹಾಪುರದಲ್ಲಿ ಉಳಿದೆವು. ಲಾಡ್ಜಿನ ಬಗ್ಗೆ ಹೇಳುವಂಥದ್ದು ಏನಿಲ್ಲ, ಬಿಸಿ ನೀರು ಬಂತು.

ಎರಡನೇ ದಿನ: ಸನ್ನತಿ, ವಾಡಿ, ಕಲಬುರಗಿ

ಗಾಡಿ ಅದಲು ಬದಲು. ಕ್ಲಾಸಿಕ್ ನನ್ನ ಕೈಗೆ ಬಂತು. ಹಳ್ಳಿ ದಾರಿ ಹಿಡಿದು, ಭೀಮಾಕ್ಕೆ ಕಟ್ಟಿದ ಸೇತುವೆ ಬ್ಯಾರೇಜ್ ದಾಟಿ ಸನ್ನತಿ ಸೇರಿದೆವು. ಈ ದಾರಿಯ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಇದು ಸಣ್ಣ ಗಾಡಿಯ ರಾಜ್ಯ. ಊರಿಗೆ ಮೂರು ಹಂಪು. ಬಣ್ಣ ಇಲ್ಲ, ಬೋರ್ಡು ಇಲ್ಲ. ಹಂಪಿನ ಆಚೆ ಕೋಳಿ, ಕೋಳಿ ಆಚೆ ಮಗು. ಗೆಳೆಯ ಸ್ಪ್ಲೆಂಡರಿನಲ್ಲಿ ಗುಂಡಿಗಳ ನಡುವೆ ಒಂದು ಗೇಣು ಜಾಗ ಸಿಕ್ಕರೂ ನುಸುಳಿಕೊಂಡು ಹೋದ. ನಾನು ಪ್ರತಿ ಗುಂಡಿಯ ಮುಂದೆಯೂ ಬ್ರೇಕ್ ಹಿಡಿದು ಮತ್ತೆ ಎಳೆಸಬೇಕು. ಪೆಟ್ರೋಲ್ ಹೋಗುವುದು ಹೀಗೆಯೇ. ಓಡಿಸುವಾಗ ಖರ್ಚಾದದ್ದಕ್ಕಿಂತ ನಿಲ್ಲಿಸಿ ಮತ್ತೆ ಎಬ್ಬಿಸುವಾಗ ಖರ್ಚಾಗುವುದು ಹೆಚ್ಚು, ಗಾಡಿ ಭಾರ ಇದ್ದಷ್ಟೂ ಹೆಚ್ಚು.

ದಾರಿ ತುಂಬ ತೊಗರಿ ಕಟಿಗಿ ಹಾಸಿದ್ದರು. ಚಳಿಗಾಲದಲ್ಲಿ ಇಲ್ಲಿ ರಸ್ತೆಯೇ ಕಣ. ಲಾರಿ, ಟ್ರ್ಯಾಕ್ಟರ್ ಹಾಯ್ದರೆ ಕಾಳು ಬಿಡುತ್ತದೆ, ಒಕ್ಕಣೆ ಪುಕ್ಕಟೆ. ಕಾರಿನವರಿಗೆ ಸರಿ, ಬೈಕಿನವರಿಗೆ ಇದು ಜಾರುಗುಂಡಿ. ಅದರ ಮೇಲೆ ಬ್ರೇಕ್ ಹಿಡಿಯಬಾರದು, ಹ್ಯಾಂಡಲ್ ತಿರುಗಿಸಬಾರದು, ಥ್ರಾಟಲ್ ಒಂದೇ ಸಮ ಹಿಡಿದು ನೇರ ದಾಟಬೇಕು. ದಾಟಿದ ಮೇಲೆ ಒಮ್ಮೆ ನಿಲ್ಲಿಸಿ ಸೈಲೆನ್ಸರ್ ಹತ್ತಿರ ಒಣ ಕಡ್ಡಿ ಸಿಕ್ಕಿಕೊಂಡಿದೆಯೇ ನೋಡುವುದು ಒಳ್ಳೇದು. ಬಿಸಿ ಪೈಪಿಗೆ ಒಣ ಹೊಟ್ಟು ತಾಗಿದರೆ ಹೊಗೆ ಬರುತ್ತದೆ, ನಮಗೂ ಬಂತು. ಅಲ್ಲೇ ಕಾಳು ತೂರುತ್ತಿದ್ದ ಹೆಂಗಸು "ನಮ್ಮ ರಾಶಿಗಿ ಬೆಂಕಿ ಹಚ್ಚಿ ಹೋಗಬ್ಯಾಡ್ರೋ ಯಪ್ಪಾ" ಅಂತ ನಕ್ಕರು.

ಸನ್ನತಿಯಲ್ಲಿ ನೋಡಬೇಕಾದ್ದು ಎರಡು. ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಡು ಕುಸಿದಾಗ, ಮೂರ್ತಿಯ ಕೆಳಗಿನ ಪೀಠದ ಕಲ್ಲೇ ಅಶೋಕನ ಶಾಸನ ಅಂತ ಗೊತ್ತಾಯಿತು. ಹತ್ತಿರದ ಕನಗನಹಳ್ಳಿಯಲ್ಲಿ ದೊಡ್ಡ ಸ್ತೂಪ ಅಗೆದು ತೆಗೆದರು. ಅಲ್ಲಿ ರಾಜ, ರಾಣಿ, ಪರಿವಾರದ ಒಂದು ಕೆತ್ತನೆ ಇದೆ, ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಅಂತ ಹೆಸರು ಬರೆದಿದೆ. ಹೆಸರು ಸಮೇತ ಇರುವ ಅಶೋಕನ ಚಿತ್ರ. ಕೆತ್ತಿದ್ದು ಇಲ್ಲಿನದೇ ಸುಣ್ಣಕಲ್ಲಿನಲ್ಲಿ. ಗ್ರಾನೈಟಿನಲ್ಲಿ ಇಷ್ಟು ನಯವಾಗಿ ಬೆರಳು, ಬಳೆ ಕೆತ್ತಲು ಆಗುತ್ತಿರಲಿಲ್ಲ ಅನಿಸಿತು. ಒಂದು ನದಿ ದಾಟಿದ್ದಕ್ಕೆ ಕಲ್ಲೇ ಬದಲಾಗಿತ್ತು.

ಆ ಸುಣ್ಣಕಲ್ಲಿನ ಇನ್ನೊಂದು ಮುಖ ವಾಡಿಯಲ್ಲಿ ಸಿಕ್ಕಿತು. ಸಿಮೆಂಟ್ ಕಾರ್ಖಾನೆ, ಲಾರಿಗಳ ಸಾಲು, ಗಿಡದ ಎಲೆಯ ಮೇಲೂ ಬೂದು ಪುಡಿ. ಶಹಾಬಾದ್ ಕಡೆ ಹೊಲದ ಬದುವಿಗೂ ಚಪ್ಪಟೆ ಪರಸಿ ಕಲ್ಲು, ಮನೆಯ ಗೋಡೆಗೂ ಅದೇ, ಮಾಳಿಗೆಗೂ ಅದೇ. ಹೆಲ್ಮೆಟ್ ಗಾಜು ಒರೆಸಿದರೆ ಗೀರು ಬೀಳುತ್ತದೆ, ಅದಕ್ಕೆ ನೀರು ಹಾಕಿ ತೊಳೆಯಬೇಕು. ನಾವು ಕುಡಿಯುವ ನೀರಿನಲ್ಲೇ ತೊಳೆದೆವು. ಈ ಪುಡಿ ಏರ್ ಫಿಲ್ಟರ್ ಮುಚ್ಚಿದರೆ ಎಂಜಿನ್ ಉಸಿರಾಟಕ್ಕೆ ಒದ್ದಾಡುತ್ತದೆ, ಚೈನಿನ ಎಣ್ಣೆಗೆ ಅಂಟಿದರೆ ಅರದಂತೆ ಹಲ್ಲು ತಿನ್ನುತ್ತದೆ.

ಒಂದು ರೈಲ್ವೆ ಗೇಟಿನಲ್ಲಿ ಬಹಳ ಹೊತ್ತು ನಿಂತೆವು. ಗೂಡ್ಸ್ ಗಾಡಿ ಮುಗಿಯುವ ಲಕ್ಷಣವೇ ಇಲ್ಲ. ನ್ಯೂಟ್ರಲ್‌ನಲ್ಲಿ ನಿಂತರೆ ಸ್ಪ್ಲೆಂಡರ್ ತಾನಾಗಿ ಆರುತ್ತದೆ, ಕ್ಲಚ್ ಹಿಡಿದರೆ ಮತ್ತೆ ಹೊತ್ತುತ್ತದೆ. ನಾನು ಕ್ಲಾಸಿಕ್ಕನ್ನು ಕೈಯಾರೆ ಆರಿಸಿದೆ. ಸುತ್ತ ನಿಂತ ಹತ್ತಾರು ಗಾಡಿಗಳಲ್ಲಿ ಅರ್ಧದಷ್ಟು ಹಾಗೇ ಗುಡುಗುಡು ಅನ್ನುತ್ತಿದ್ದವು. ಪೆಟ್ರೋಲ್ ದುಬಾರಿ ಅಂತ ಬೈಯುತ್ತಿದ್ದವರೂ ಅವರೇ.

ಸಂಜೆ ಕಲಬುರಗಿ. ಖಾನಾವಳಿಯಲ್ಲಿ ಕಟಿ ರೊಟ್ಟಿ, ಎಣ್ಣೆಗಾಯಿ, ಉದುರು ಬ್ಯಾಳಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು ಸಿಕ್ಕಿದೆ. ಊಟ ಮಾಡಿದವರಿಗೆ ಆ ಗುರುತು ಬೇಕಾಗಿಲ್ಲ, ಬೇಳೆಯ ವಾಸನೆಯೇ ಸಾಕು.

ಊಟಕ್ಕೆ ಮೊದಲೇ ಪೆಟ್ರೋಲ್ ತುಂಬಿಸಿ ಲೆಕ್ಕ ಹಾಕಿದ್ದೆವು. ಸ್ಪ್ಲೆಂಡರ್ ಲೀಟರಿಗೆ 68. ಕ್ಲಾಸಿಕ್ 38. ಬಂಕಿನಲ್ಲಿ ನಮ್ಮ ಲೆಕ್ಕ ಕೇಳಿಸಿಕೊಂಡ ಆಳಂದ ಕಡೆಯ ಕಬ್ಬಿನ ರೈತರೊಬ್ಬರು ಮಾತಿಗೆ ನಿಂತರು. "ಮೊದಲ ನನ್ನ ಗಾಡಿ ಇನ್ನೂ ಜಾಸ್ತಿ ಕೊಡ್ತಿತ್ತು. ಈಗ ಎಥೆನಾಲ್ ಹಾಕ್ಯಾರ ನೋಡ್ರಿ." ಅದು ನಿಜವೇ. ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಮ್ಮಿ. ಎಥೆನಾಲ್ ಇಲ್ಲದ ಪೆಟ್ರೋಲಿಗೆಂದು ಮಾಡಿದ ಹಳೆಯ ಎರಡು ಚಕ್ರದ ಗಾಡಿಗಳಿಗೆ ಶೇ 20 ಎಥೆನಾಲ್ ಮಿಶ್ರಣದಿಂದ ಶೇ 3ರಿಂದ 4ರಷ್ಟು ಆವರೇಜ್ ಬೀಳಬಹುದು ಅಂತ 2021ರಲ್ಲೇ ನೀತಿ ಆಯೋಗದ ವರದಿ ಹೇಳಿತ್ತು. 68 ಕೊಡುವ ಗಾಡಿಗೆ ಅದು ಎರಡೂವರೆ ಕಿಲೋಮೀಟರಿನ ಆಸುಪಾಸು. ನಾನು ಇಷ್ಟು ಹೇಳುವಷ್ಟರಲ್ಲಿ ಅವರೇ ನಕ್ಕರು. "ಬೈಯೋದು ಹ್ಯಾಂಗ್ರಿ, ಆ ಎಥೆನಾಲು ನಮ್ಮ ಕಬ್ಬಿಂದೇ ಬರ್ತದ."

ಮೂರನೇ ದಿನ: ಮಳಖೇಡ, ಚಿಂಚೋಳಿ, ಬೀದರ್

ಎಳ್ಳಮಾವಾಸ್ಯೆ. ಸ್ಪ್ಲೆಂಡರ್ ಮತ್ತೆ ನನಗೆ. ಸೇಡಂ ರಸ್ತೆ ಹಿಡಿದರೆ ಊರು ಮುಗಿಯುತ್ತಲೇ ಎರೆ ಭೂಮಿ. ಕಣ್ಣು ಹೋದಷ್ಟು ದೂರ ಬಿಳಿಜೋಳ, ಕಡಲೆ, ಕುಸುಬೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ಡಾಂಬರು ಅದರ ಜೊತೆಗೇ ಏಳುತ್ತದೆ, ಬೀಳುತ್ತದೆ. ಅದಕ್ಕೇ ಇಲ್ಲಿನ ರಸ್ತೆಯಲ್ಲಿ ಗುಂಡಿ ಇಲ್ಲದಿದ್ದರೂ ಅಲೆ ಇರುತ್ತದೆ.

ಗೆಳೆಯನ ಸೊಂಟದ ವಾದ ಗೆದ್ದದ್ದು ಇಲ್ಲಿ. ಕ್ಲಾಸಿಕ್ ಕೆರೆಗೆ ಹೊರಟ ಎಮ್ಮೆಯ ಹಾಗೆ ಅಲೆಗಳ ಮೇಲೆ ನಿಧಾನವಾಗಿ ತೂಗಿಕೊಂಡು ಹೋಯಿತು. ನನ್ನ ಗಾಡಿ ಪ್ರತಿ ಅಲೆಗೂ ಕುಣಿಯಿತು. ಚಕ್ರದ ತೂಕಕ್ಕೆ ಹೋಲಿಸಿದರೆ ಮೇಲಿನ ತೂಕ ಜಾಸ್ತಿ ಇದ್ದಾಗ ಏಟು ಮೇಲಕ್ಕೆ ಬರುವುದು ಕಮ್ಮಿ. ಹಗುರ ಗಾಡಿಯಲ್ಲಿ ಚಕ್ರ ಎದ್ದರೆ ಸವಾರನೂ ಏಳುತ್ತಾನೆ. ಬೆನ್ನ ಮೇಲೆ ಚೀಲ ಹಾಕಿಕೊಂಡರಂತೂ ಆ ಏಟೆಲ್ಲ ಹೆಗಲಿಗೆ. ನಾನು ಚೀಲ ತೆಗೆದು ಹಿಂದಿನ ಸೀಟಿನ ಮೇಲೆ, ನನ್ನ ಬೆನ್ನಿಗೆ ಒತ್ತಿಕೊಂಡಂತೆ ಕಟ್ಟಿದೆ. ಕ್ಯಾರಿಯರ್ ತುದಿಗೆ ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಲ್ಲಾಡುತ್ತದೆ. ಅಲೆ ಬಂದಾಗ ಕಾಲಿನ ಮೇಲೆ ಭಾರ ಹಾಕಿ ಸೀಟಿನಿಂದ ಒಂದಿಷ್ಟು ಏಳುತ್ತಾ ಹೋದೆ, ಆಮೇಲೆ ಆರಾಮಾಯಿತು.

ಮಳಖೇಡದಲ್ಲಿ ಕಾಗಿಣಾ ದಂಡೆಯ ಕೋಟೆ. ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ಆಳಿದ ಊರು. ಈಗ ಗೋಡೆ, ಬುರುಜು, ನಡುವೆ ಮನೆಗಳು. ಅಷ್ಟು ದೊಡ್ಡ ಸಾಮ್ರಾಜ್ಯದ ಊರು ಇಷ್ಟೇನಾ ಅಂತ ಬೇಸರ ಬಂತು. ಕೆಳಗೆ ನದಿಯಲ್ಲಿ ಎತ್ತುಗಳ ಮೈ ತೊಳೆಯುತ್ತಿದ್ದರು.

ಅಲ್ಲಿಂದ ಮುಂದೆ ಹೊಲ ಹೊಲದಲ್ಲೂ ಜನ. ಬಂಡಿ, ಟ್ರ್ಯಾಕ್ಟರ್, ಬೈಕು, ಎಲ್ಲದರಲ್ಲೂ ಬುತ್ತಿ ಗಂಟು. ಚರಗ ಚೆಲ್ಲಿ (ಹೊಲಕ್ಕೆ ಎಡೆ ಎರಚಿ), ಪಾಂಡವರ ಪೂಜೆ ಮುಗಿಸಿ, ಬನ್ನಿ ಮರದ ಕೆಳಗೆ ಊಟಕ್ಕೆ ಕೂತಿದ್ದ ಒಂದು ಮನೆಯವರು ನಾವು ನೀರು ಕುಡಿಯಲು ನಿಂತದ್ದನ್ನು ನೋಡಿ ಕೈ ಮಾಡಿ ಕರೆದರು. ಬೇಡ ಅಂದರೆ ಬಿಡುವ ಜನ ಅಲ್ಲ ಇವರು. ಸಜ್ಜೆ ರೊಟ್ಟಿ, ಜೋಳದ ಕಡಬು, ಭಜ್ಜಿ, ಶೇಂಗಾ ಹೋಳಿಗೆ. ಭಜ್ಜಿ ಅಂದರೆ ಹೊಲದಲ್ಲಿ ಆ ಹೊತ್ತಿಗೆ ಸಿಗುವ ಸೊಪ್ಪು, ಹಸಿ ಕಾಳು, ಬದನೆ, ಗಜ್ಜರಿ ಎಲ್ಲ ಸೇರಿ ಕುದಿಸಿದ ಪಲ್ಯ. ನನ್ನ ಎಲೆಗೆ ಮೂರು ಸಲ ಬಿತ್ತು. ಇಡೀ ಪ್ರವಾಸದಲ್ಲಿ ಇದಕ್ಕಿಂತ ರುಚಿಯಾದದ್ದು ಏನೂ ತಿನ್ನಲಿಲ್ಲ.

ಆ ಮನೆಯ ಯಜಮಾನರ ಬಳಿಯೂ ಸ್ಪ್ಲೆಂಡರ್ ಇತ್ತು, ಬಣ್ಣ ಮಾಸಿದ ಹಳೇದು. ಹಿಂದೆ ಹಾಲಿನ ಕ್ಯಾನಿಗೆ ಕೊಕ್ಕೆ, ಟ್ಯಾಂಕಿನ ಮೇಲೆ ಗೋಣಿಚೀಲ. ನಾನು 68 ಅಂದೆ. ಅವರದು ಐವತ್ತೈದು ಅಂತೆ.

"ಆದರ ನಿಮ್ಮದು ಖಾಲಿ ಗಾಡಿ ಆವರೇಜ್ರಿ. ನನ್ನದರ ಮ್ಯಾಲ ನಾನು, ನಮ್ಮಾಕಿ, ಒಂದ ಚೀಲ ತೊಗರಿ. ಮೂರು ಮಂದಿ ಲೆಕ್ಕ ಹಾಕ್ರಿ ಈಗ."

ಗೆಳೆಯ ನನ್ನ ಮುಖ ನೋಡಿದ. ನಾವು ಎರಡು ದಿನ ಹಾಕಿದ್ದ ಲೆಕ್ಕದಲ್ಲಿ ಈ ಮಾತೇ ಇರಲಿಲ್ಲ. ಒಂದು ಲೀಟರಿನಲ್ಲಿ ಎಷ್ಟು ದೂರ ಅಂತ ಕೇಳುತ್ತೇವೆ, ಎಷ್ಟು ಹೊತ್ತುಕೊಂಡು ಅಂತ ಕೇಳುವುದಿಲ್ಲ. ಈ ಮೂರು ಜಿಲ್ಲೆಯ ಹಳ್ಳಿಗಳಲ್ಲಿ 100 ಸಿಸಿ ಗಾಡಿ ಮಾಡುತ್ತಿರುವುದು ಮೊದಲು ಚಕ್ಕಡಿ ಮಾಡುತ್ತಿದ್ದ ಕೆಲಸ. ಅದಕ್ಕೆ ಕೂತ ಸವಾರನ ಸುಖ ಆಮೇಲಿನ ಮಾತು.

ಸೇಡಂ ದಾಟಿ ಚಿಂಚೋಳಿ. ಚಂದ್ರಂಪಳ್ಳಿ ಅಣೆಕಟ್ಟು ನೋಡಲು ಕಾಡಿನ ಕಡೆ ತಿರುಗಿದೆವು. 2011ರಲ್ಲಿ ಈ ಕಾಡು ವನ್ಯಜೀವಿ ಧಾಮವಾಯಿತು. ಕಲಬುರಗಿ ಜಿಲ್ಲೆಯಲ್ಲಿ ಕಾಡು ಅಂದರೆ ನಗುವವರು ಇಲ್ಲಿ ಬರಬೇಕು. ತೇಗದ ಒಣ ಎಲೆ ದಾರಿ ತುಂಬ, ಗುಡ್ಡದ ನೆರಳು, ನಡುವೆ ನೀರು. ಇಡೀ ಸುತ್ತಿನಲ್ಲಿ ನಿಜವಾದ ತಿರುವುಗಳು ಸಿಕ್ಕಿದ್ದೂ ಇಲ್ಲೇ.

ಓಡಿಸುವ ಖುಷಿಯ ಮಾತು ಬಂದರೆ ನನ್ನ ಮತ ಸಣ್ಣ ಗಾಡಿಗೆ. ಸ್ಪ್ಲೆಂಡರಿನಲ್ಲಿ ತಿರುವಿಗೆ ಮೂರನೇ ಗೇರ್, ಹೊರಗೆ ಬರುವಾಗ ಥ್ರಾಟಲ್ ಪೂರ್ತಿ ತಿರುಚಿದರೂ ವೇಗ 55 ದಾಟುವುದಿಲ್ಲ. ಗಾಡಿಯಲ್ಲಿ ಇರುವುದನ್ನೆಲ್ಲ ಬಳಸುತ್ತೀರಿ, ಆದರೂ ಎದೆ ಹೊಡೆದುಕೊಳ್ಳುವುದಿಲ್ಲ. ಕ್ಲಾಸಿಕ್ಕಿನಲ್ಲಿ ಅದೇ ದಾರಿ ಇನ್ನೂ ಆರಾಮ, ಆದರೆ ಅದರ ಅರ್ಧ ಎಂಜಿನ್ ನಿದ್ದೆಯಲ್ಲೇ ಇರುತ್ತದೆ. ಗೆಳೆಯ ಇದನ್ನು ಒಪ್ಪುವುದಿಲ್ಲ. ಆ ಗುಡುಗಿನ ಸದ್ದು ಕಾಡಿನಲ್ಲಿ ಕೇಳುವುದೇ ಖುಷಿ ಅನ್ನುತ್ತಾನೆ. ಅಲ್ಲಿದ್ದ ನವಿಲು ಆ ಸದ್ದಿಗೆ ಓಡಿಹೋದದ್ದನ್ನು ಮಾತ್ರ ನಾನು ನೆನಪಿಸುತ್ತೇನೆ.

ಕತ್ತಲಾಗುವ ಮುಂಚೆ ಬೀದರ್ ಸೇರಬೇಕಿತ್ತು, ಆಗಲಿಲ್ಲ. ಚಿಂಚೋಳಿ ಬಿಟ್ಟ ಮೇಲೆ ಮಣ್ಣು ಕೆಂಪಾಗುತ್ತಾ ಬಂತು. ಮನ್ನಾಏಖೇಳಿ ಹತ್ತಿರ ಕಬ್ಬು ತುಂಬಿದ ಟ್ರ್ಯಾಕ್ಟರುಗಳು, ಎರಡೆರಡು ಟ್ರೇಲರ್, ಹಿಂದೆ ಒಂದು ದೀಪವೂ ಇಲ್ಲ. ಕಬ್ಬಿನ ಸುಗ್ಗಿಯಲ್ಲಿ ಈ ಕಡೆ ರಾತ್ರಿ ಬೈಕ್ ಓಡಿಸುವುದು ಬೇಡ, ಓಡಿಸಿದರೂ 40 ದಾಟಬೇಡಿ. ಚಳಿ ಬೇರೆ. ಕಲಬುರಗಿ ಸುಮಾರು 1,500 ಅಡಿ ಎತ್ತರದಲ್ಲಿದ್ದರೆ ಬೀದರ್ 2,000 ಅಡಿಗೂ ಮೇಲೆ. ಒಂದು ಡಾಬಾದಲ್ಲಿ ಹಳೇ ಪೇಪರ್ ಕೇಳಿ ತಗೊಂಡು ಜಾಕೆಟ್ಟಿನ ಒಳಗೆ ಎದೆಗೆ ಹಾಸಿಕೊಂಡೆವು. ಎರಡು ಹಾಳೆ ಸಾಕು, ಗಾಳಿ ಒಳಗೆ ನುಗ್ಗುವುದಿಲ್ಲ.

ನಾಲ್ಕನೇ ದಿನ: ಬೀದರ್

ಗಾಡಿಗಳಿಗೆ ವಿಶ್ರಾಂತಿ. ಬೀದರ್‌ನಲ್ಲಿ ನಡೆದೇ ನೋಡಬೇಕು. ಬಹಮನಿ ಮಂತ್ರಿ ಮಹಮೂದ್ ಗವಾನನ 1472ರ ಮದರಸಾ, ಉಳಿದ ಒಂದು ಮಿನಾರು, ಅದರ ಮೇಲೆ ಅಲ್ಲಲ್ಲಿ ಉಳಿದ ನೀಲಿ ಹಂಚು. ಕೋಟೆಯ ಮೂರು ಸಾಲಿನ ಕಂದಕವನ್ನು ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲೇ ಕೊರೆದಿದ್ದಾರೆ. ಬಹಮನಿ ಸುಲ್ತಾನರು ಕಲಬುರಗಿ ಬಿಟ್ಟು ಇಲ್ಲಿಗೆ ರಾಜಧಾನಿ ತಂದರು. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಬೈಕ್ ಓಡಿಸಿದ ಯಾರಿಗೂ ಇದಕ್ಕೆ ಕಾರಣ ಹುಡುಕಬೇಕು ಅನಿಸುವುದಿಲ್ಲ.

ಬಿದರಿ ಕೆಲಸದವರ ಓಣಿಯಲ್ಲಿ ಒಬ್ಬರು ಹೂಜಿಗೆ ಬೆಳ್ಳಿ ತಂತಿ ಕೂರಿಸುತ್ತಿದ್ದರು. ಹೂಜಿಯ ಲೋಹದಲ್ಲಿ ಸತುವು ಜಾಸ್ತಿ, ತಾಮ್ರ ಸ್ವಲ್ಪ. ಕೊನೆಗೆ ಹಳೇ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿದ ಬಿಸಿ ನೀರಿನಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಸರಿಯಾದ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಗುರುತಿಸುತ್ತಾರೆ. ಗೆಳೆಯನ ಪ್ಯಾಂಟಿಗೆ ಮೂರು ದಿನದಿಂದ ಅಂಟಿದ್ದ ಧೂಳು ನೋಡಿ ಅವರು, "ಎಲ್ಲೆಲ್ಲಿ ಮಣ್ಣು ತಂದೀರಿ, ಕೊಟ್ಟು ಹೋಗ್ರಿ" ಅಂದರು.

ಸಂಜೆ ಲಾಡ್ಜಿನ ಮುಂದೆ ಸ್ಪ್ಲೆಂಡರಿನ ಚೈನ್ ಬಿಗಿ ಮಾಡಿ ಎಣ್ಣೆ ಬಿಟ್ಟೆವು. ಕಲಬುರಗಿಯಿಂದ ಇಲ್ಲಿಗೆ ಅದು ಕೊಟ್ಟದ್ದು 64, ಕ್ಲಾಸಿಕ್ 37.

ಕೊನೆಯ ದಿನ: ಹುಮನಾಬಾದ್, ಬಸವಕಲ್ಯಾಣ, ಕಮಲಾಪುರ

ಇಲ್ಲಿಯವರೆಗೆ ಹೆದ್ದಾರಿ ಬೇಕಂತಲೇ ಬಿಟ್ಟಿದ್ದೆವು. ಹುಮನಾಬಾದ್‌ನಲ್ಲಿ ಹೈದರಾಬಾದ್–ಪುಣೆ ಹೆದ್ದಾರಿ 65 ಸಿಕ್ಕಿತು. ಬಸವಕಲ್ಯಾಣದ ಕಡೆ ತಿರುಗಿದೆವು. ಗೆಳೆಯ ಕ್ಲಾಸಿಕ್ಕಿನಲ್ಲಿ 85 ಹಿಡಿದ. ನಾನು ಸ್ಪ್ಲೆಂಡರಿನಲ್ಲಿ 75. ಅಷ್ಟಕ್ಕೇ ಹ್ಯಾಂಡಲ್, ಕಾಲಿಡುವ ಕಡ್ಡಿ ಎಲ್ಲ ನಡುಗಲು ಶುರು. ಅಂಗೈ ಜೋಮು ಹಿಡಿಯಿತು. ಲಾರಿ ಪಕ್ಕದಲ್ಲಿ ಹಾಯ್ದಾಗ ಗಾಳಿ ಒಮ್ಮೆ ಆಚೆ ತಳ್ಳಿ ಆಮೇಲೆ ಈಚೆ ಎಳೆಯುತ್ತದೆ. 112 ಕೆ.ಜಿ. ಗಾಡಿ ಅದಕ್ಕೆ ಮಣಿಯಲೇಬೇಕು. ಮುಂದಿನವನನ್ನು ಹಿಂದೆ ಹಾಕಲು ಥ್ರಾಟಲ್ ತಿರುಚಿದರೆ ಅಲ್ಲಿ ಇನ್ನೇನೂ ಉಳಿದಿರಲಿಲ್ಲ. ಇಂಥ ದಾರಿಯಲ್ಲಿ ದಿನವೂ ಹೋಗುವವರಿಗೆ ನಾನು 100 ಸಿಸಿ ಹೇಳುವುದಿಲ್ಲ.

ಬಸವಕಲ್ಯಾಣದಲ್ಲಿ 108 ಅಡಿ ಎತ್ತರದ ಬಸವಣ್ಣನ ಮೂರ್ತಿ, ಆಮೇಲೆ ಪರುಷ ಕಟ್ಟೆ. ಕಲ್ಯಾಣ ಚಾಲುಕ್ಯರ ಊರಿನಲ್ಲಿ ಇನ್ನೂ ಅರ್ಧ ದಿನ ಬೇಕಿತ್ತು. ಬಿಸಿಲು ಏರಿತ್ತು, ಅದೇ ಹೆದ್ದಾರಿಯಲ್ಲಿ ಹುಮನಾಬಾದ್‌ಗೆ ವಾಪಸು ಬಂದು ಪೆಟ್ರೋಲ್ ತುಂಬಿಸಿದೆವು. ಬೀದರ್‌ನಿಂದ ಅಲ್ಲಿಯವರೆಗೆ ಸ್ಪ್ಲೆಂಡರ್ 57, ಕ್ಲಾಸಿಕ್ 31. ಅದೇ ಗಾಡಿ, ಅದೇ ಸವಾರರು. ವೇಗ 50ರಿಂದ 80ಕ್ಕೆ ಹೋದರೆ ಎದುರು ಗಾಳಿಯ ತಡೆ ಎರಡೂವರೆ ಪಟ್ಟು ಆಗುತ್ತದೆ. ಬೈಕಿನ ಮೇಲೆ ನೆಟ್ಟಗೆ ಕೂತ ಮನುಷ್ಯನಿಗಿಂತ ಕೆಟ್ಟ ಆಕಾರ ಗಾಳಿಗೆ ಇನ್ನೊಂದಿಲ್ಲ.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿಗೆ ನಿಲ್ಲಿಸಿದೆವು. ಇದಕ್ಕೂ ಜಿಐ ಗುರುತು ಇದೆ. ದಪ್ಪ ಸಿಪ್ಪೆ, ಒಳಗೆ ಕೆನೆ ಬಣ್ಣ, ಒಂದು ತಿಂದರೆ ಊಟ ಬೇಡ. ಅಲ್ಲೇ ಹಣ್ಣಿನ ಬುಟ್ಟಿ ಪಕ್ಕ ಕೂತು ಗೆಳೆಯ ಮೊಬೈಲಿನಲ್ಲಿ ಲೆಕ್ಕ ಹಾಕಿದ. "ನೋಡು, ಹೆದ್ದಾರಿಯಲ್ಲಿ ನಿನ್ನದು 11 ಕಿಲೋಮೀಟರ್ ಬಿತ್ತು. ನನ್ನದು ಏಳೇ."

ನಾನು ಲೆಕ್ಕ ತಿರುಗಿಸಿ ಹಾಕಲು ಹೇಳಿದೆ, 100 ಕಿಲೋಮೀಟರಿಗೆ ಎಷ್ಟು ಲೀಟರ್ ಅಂತ. ಸ್ಪ್ಲೆಂಡರ್ 1.47ರಿಂದ 1.75ಕ್ಕೆ ಏರಿತ್ತು. ಕ್ಲಾಸಿಕ್ 2.63ರಿಂದ 3.23ಕ್ಕೆ. ನನಗೆ ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ ಹೋಗಿತ್ತು, ಅವನಿಗೆ ಅರ್ಧ ಲೀಟರಿಗೂ ಮೇಲೆ. ಬಾಳೆಹಣ್ಣಿನ ಅಜ್ಜಿ ನಮ್ಮಿಬ್ಬರ ಜಗಳ ಕೇಳಿ, ಚೌಕಾಸಿ ಮಾಡುತ್ತಿದ್ದೇವೆ ಅಂತ ತಿಳಿದು ಒಂದು ಹಣ್ಣು ಕೊಸರು ಹಾಕಿದರು.

ಕುರಿಕೋಟಾ ಸೇತುವೆ ದಾಟಿ ಕಲಬುರಗಿ ಸೇರುವವರೆಗೂ ವಾದ ಮುಗಿಯಲಿಲ್ಲ. ದುಡ್ಡಿನ ಲೆಕ್ಕ ಅವನು ಬಿಟ್ಟುಕೊಟ್ಟ. ಅಂಗೈ ಜೋಮು ಇಳಿದಿಲ್ಲವಾದ್ದರಿಂದ ಹೆದ್ದಾರಿಯ ಲೆಕ್ಕ ನಾನು ಬಿಟ್ಟುಕೊಟ್ಟೆ. ಚಿಂಚೋಳಿಯ ತಿರುವುಗಳ ಬಗ್ಗೆ ಇಬ್ಬರೂ ಇನ್ನೂ ಜಗ್ಗಿಲ್ಲ. ಮಾರನೇ ದಿನ ಎರಡೂ ಗಾಡಿಯ ಏರ್ ಫಿಲ್ಟರ್ ಬಿಚ್ಚಿಸಿದೆವು. ವಾಡಿಯ ಬೂದು ಪುಡಿ, ಅದರ ಮೇಲೆ ಬೀದರ್‌ನ ಕೆಂಪು. ಎರಡೂ ಫಿಲ್ಟರ್ ಹೊಸದು ಹಾಕಿಸಬೇಕಾಯಿತು. ಅವನದಕ್ಕೆ ಬಿಲ್ಲು ಜಾಸ್ತಿ ಬಂತು.